ಅರವತ್ತೆರಡನೆಯ ಬೇಸ್

ಲೀಲ್ಯಾಂಡ್ ಬೆಳಗಿನ ಜಾವ ತೀರಿಕೊಂಡನೆಂದು ಧ್ವನಿವರ್ಧಕದಲ್ಲಿ ಹೇಳಿದಾಗ ಓಹಾಯೋದ ಆ ಬೇಸ್‌ಬಾಲ್ ಮೈದಾನವೆಲ್ಲ ಎದ್ದು ನಿಂತಿತ್ತು. ಹಿಂದಿನ ಪಂದ್ಯವೊಂದರಲ್ಲಿ ಬೇಸ್ ಮುಟ್ಟಲು ನೆಲದ ಮೇಲೆ ಜಾರಿದಾಗ ತೊಡೆ ತರಚಿ, ಗಾಯ ನಂಜೇರಿತ್ತಂತೆ. ಅಂದಿನದು 1951ರ ಕೊನೆಯ ಪಂದ್ಯ. ಬೇಸ್ ಕದಿಯುವುದರಲ್ಲಿ, ಅಂದರೆ ಚೆಂಡು ಎಸೆಯುವಷ್ಟರಲ್ಲೇ ಮುಂದಿನ ಬೇಸಿಗೆ ಓಡಿ ಸೇರುವುದರಲ್ಲಿ, ಅವನೂ ಹಾರ್ಲನ್ನೂ ಸಮ, ಇಬ್ಬರದೂ ಅರವತ್ತೊಂದು. ಈಗ ಮೊದಲ ಬೇಸಿನಲ್ಲಿ ನಿಂತಿದ್ದ ಹಾರ್ಲನ್ನನ ಕಿವಿಯಲ್ಲಿ ತರಬೇತುದಾರ ರಸ್ಕ್ ಹೇಳಿದ, "ಸತ್ತೋನು ಇನ್ನು ಓಡಲ್ಲ ಕಣೋ. ಇದೊಂದು ಕದ್ದುಬಿಡು, ಪಟ್ಟ ನಿನ್ನೊಬ್ಬಂದೇ."

"ಅವನನ್ನ ಇನ್ನೂ ಮಣ್ಣು ಮಾಡಿಲ್ಲ, ಸಾರ್."

"ಅದಕ್ಕೇ ಈಗ್ಲೇ ಓಡು. ಮಣ್ಣಾದ್ಮೇಲೆ ಕದ್ರೆ ಜನ ಬೈತಾರೆ."

ಹಾರ್ಲನ್ನನಿಗೆ ಪಟ್ಟ ಬೇಕಿತ್ತು. ಎದುರಿಗಿದ್ದದ್ದು ಲೀಲ್ಯಾಂಡನ ತಂಡವೇ. ಎಲ್ಲರ ತೋಳಿಗೂ ಕಪ್ಪು ಪಟ್ಟಿ. ಚೆಂಡೆಸೆಯುವ ಪಿಚರನ ಕೈಯಿಂದ ಚೆಂಡು ಹೊರಟದ್ದೇ ತಡ, ಅವನು ಓಡಿದ, ಧೂಳೆಬ್ಬಿಸಿ ಎರಡನೆಯ ಬೇಸಿಗೆ ಜಾರಿದ, ತಲೆಯೆತ್ತಿ ನೋಡಿದ. ಅವನನ್ನು ತಡೆಯಲು ಚೆಂಡೆಸೆಯಬೇಕಾಗಿದ್ದ ಕ್ಯಾಚರ್ ಕೋಲ್ಬ್ ಎಸೆದಿರಲೇ ಇಲ್ಲ. ಮುಖವಾಡ ಕಳಚಿ, ಚೆಂಡನ್ನು ಎದೆಗವಚಿಕೊಂಡು ನಿಂತಿದ್ದ.

"ತಗೊಳ್ಳಪ್ಪ ಹಾರ್ಲನ್, ನೀನೇ ಇಟ್ಕೋ," ಎಂದು ಕೂಗಿದ. "ಯಾರೂ ಕಾಯದೆ ಬಿಟ್ಟಿದ್ದನ್ನ ಕದಿಯೋಕಾಗಲ್ಲ."

ತಡೆಯದೆ ಬಿಟ್ಟುಕೊಟ್ಟ ಬೇಸು ಕದ್ದ ಬೇಸುಗಳ ಎಣಿಕೆಗೆ ಬರುವುದಿಲ್ಲ. ಸ್ಕೋರು ಬರೆಯುವವನು ತಲೆಯಲ್ಲಾಡಿಸಿ ಪೆನ್ಸಿಲ್ ಕೆಳಗಿಟ್ಟ. ಜನ ಗೊಳ್ಳೆಂದು ನಕ್ಕರು. ಹಾರ್ಲನ್ ಏಳಲು ಹೋದಾಗ ತೊಡೆ ಉರಿಯಿತು. ಷರಾಯಿ ಹರಿದು, ತರಚಿದ ಮಾಂಸಕ್ಕೆ ಮಣ್ಣು ಮೆತ್ತಿಕೊಂಡಿತ್ತು. ಅವನು ಅದನ್ನು ಒರೆಸಿಕೊಳ್ಳಲಿಲ್ಲ. ಟೋಪಿ ತೆಗೆದು, ಮೊಣಕಾಲೂರಿದಲ್ಲೇ ತಲೆ ಬಾಗಿಸಿದ.

"ಕರ್ತನೇ, ಲೀಲ್ಯಾಂಡನ ಆತ್ಮಕ್ಕೆ ಶಾಂತಿ ಕೊಡು."