ಏಳು ದಿನದ ಎಣಿಕೆ

ಹನುಮೇಶ ಆ ಬೆಳಗ್ಗೆ ಒಂಬತ್ತನೆಯ ಸಲ ಡೇರೆಯ ಮುಂದೆ ಸೈಕಲ್ ತುಳಿದ. ಒಳಗೆ ಕುಳಿತಿದ್ದ ಸುಧಾ ತಲೆಯೆತ್ತದೆ ಹಾಳೆಯ ಮೇಲೆ ಒಂದು ಗೀಟು ಎಳೆದಳು. ಅವನಿಗೆ ಬೇಕಾಗಿದ್ದದ್ದು ಆ ಗೀಟು.

"ಎಷ್ಟಾತ್ರಿ ಅಕ್ಕಾರೆ?"

"ಹೇಳಂಗಿಲ್ರಿ ಅಣ್ಣಾರೆ. ಕಂಡಿದ್ದು ಗೀಚೋದು, ಅಷ್ಟೇ ನಮ್ ಕೆಲಸ."

ದಾವಣಗೆರೆಯಿಂದ ಲೋಕಿಕೆರೆಗೆ ಬರುವ ರಸ್ತೆಯನ್ನು ನಾಲ್ಕು ಪಥ ಮಾಡಬೇಕೋ ಬೇಡವೋ ಎಂದು ತೀರ್ಮಾನಿಸಲು ಲೋಕೋಪಯೋಗಿ ಇಲಾಖೆಯವರು ಡೇರೆ ಹಾಕಿ ಏಳು ದಿನ ಗಾಡಿಗಳನ್ನು ಎಣಿಸುತ್ತಿದ್ದರು. ಮಾಡಿದರೆ ಎರಡೂ ಬದಿಯ ಹುಣಸೆಮರಗಳು ಉರುಳುತ್ತವೆ. ಈಗಲೇ ಮೈಮೇಲೆ ಬರುವ ಟಿಪ್ಪರುಗಳನ್ನು ಆಮೇಲೆ ಹಿಡಿಯುವವರಿಲ್ಲ. ಹನುಮೇಶನ ಮಗಳು ಕೀರ್ತನಾ ರಾಜ್ಯಮಟ್ಟದ ರಸ್ತೆ ಸೈಕಲ್ ಪಂದ್ಯಕ್ಕೆ ಆಯ್ಕೆಯಾಗಿದ್ದಳು. ಅವಳ ಅಭ್ಯಾಸಕ್ಕೆ ಇದ್ದದ್ದು ಇದೊಂದೇ ರಸ್ತೆ. ಹೋದ ತಿಂಗಳು ಗರಸು ಮಣ್ಣು ತುಂಬಿದ ಟಿಪ್ಪರೊಂದು ಅವಳನ್ನು ಚರಂಡಿಗೆ ಒತ್ತಿಕೊಂಡು ಹೋಗಿತ್ತು. ಮೊಣಕೈಯ ಚರ್ಮ ಸುಲಿದಿತ್ತು. "ಇನ್ನೊಂದ್ಸಲ ಹಿಂಗಾದ್ರೆ ಸೈಕಲ್ ಮಾರಿಬಿಡ್ತೀನಿ" ಎಂದು ಅವಳಮ್ಮ ಹಟ ಹಿಡಿದಿದ್ದಳು.

ಅಷ್ಟಕ್ಕೂ ಅದು ಈಗ ರಸ್ತೆಯಂತೆ ಎಲ್ಲಿತ್ತು? ಮೆಕ್ಕೆಜೋಳದ ಹೊಲಗಳಲ್ಲಿ ಕಲ್ಲು ನೆಟ್ಟು ಬಡಾವಣೆಗಳು ಎದ್ದಿದ್ದವು. ಅಲ್ಲಿನ ಕಸಕ್ಕೆ ನಗರದ ಗಾಡಿಯೂ ಬಾರದು, ಪಂಚಾಯ್ತಿಯದೂ ಬಾರದು. ಮಿಂದು ಮಡಿಯುಟ್ಟು ಸ್ಕೂಟರ್ ಹತ್ತಿದವರು ಹೋಗುತ್ತ ಹೋಗುತ್ತ ಒಂದು ಚೀಲ ಬೀಸಿ ಎಸೆಯುತ್ತಿದ್ದರು. ಕೋಳಿಯ ಕರುಳು, ಹಳಸಿದ ಸಾರು, ಮಕ್ಕಳ ಹೇಲು ಮೆತ್ತಿದ ಡೈಪರು. ನಾಯಿಗಳು ಅದನ್ನು ರಸ್ತೆಯ ನಡುವಿಗೆ ಎಳೆದು ಹರಿಯುತ್ತಿದ್ದವು. ಮೂಗು ಮುಚ್ಚಿಕೊಂಡು ನಡೆಯಬಹುದು. ಮೂಗು ಮುಚ್ಚಿಕೊಂಡು ಏರು ತುಳಿಯಲಾಗದು. ಕೀರ್ತನಾ ಒಮ್ಮೆ ಸೈಕಲ್ ನಿಲ್ಲಿಸಿ ವಾಂತಿ ಮಾಡಿಕೊಂಡಿದ್ದಳು. ಆ ದಿನದಿಂದ ಹನುಮೇಶ ಬಡಾವಣೆಯ ಕಮಾನು ಕಂಡರೆ ಮುಖ ತಿರುಗಿಸಿಕೊಂಡು ತುಳಿಯುತ್ತಿದ್ದ.

ಹಿಂದೆಯೂ ಎರಡು ಸಲ ಹೀಗೇ ಡೇರೆ ಹಾಕಿ ಎಣಿಸಿಕೊಂಡು ಹೋಗಿದ್ದರು. ಏನೂ ಆಗಿರಲಿಲ್ಲ. ಆಗ ಊರಿನವರು ತಮ್ಮ ಪಾಡಿಗೆ ತಾವಿದ್ದರು. ಈ ಸಲ ಸುಮ್ಮನೆ ಕೂರಬಾರದು ಎಂದುಕೊಂಡು ಹನುಮೇಶ ಮೊದಲ ದಿನವೇ ಡೇರೆಗೆ ಬಂದು ಕೇಳಿದ್ದ.

"ಸೈಕಲ್ಲೂ ಬರ್ಕಂತೀರೇನ್ರಿ?"

"ಬರ್ಕಂತೀವ್ರಿ. ಅದಕ್ಕೂ ಒಂದು ಕಾಲಂ ಐತೆ."

ಅವನಿಗೆ ಅಷ್ಟೇ ಸಾಕಾಯಿತು. ಇದು ಸೈಕಲ್ ತುಳಿಯುವವರ ರಸ್ತೆ ಎಂದು ಆ ಹಾಳೆಯೇ ಕೂಗಿ ಹೇಳಬೇಕು. ಓದಿದ ಯಾವ ಸಾಹೇಬನಿಗೂ ಅಗಲ ಮಾಡುವ ಮನಸ್ಸು ಬರಬಾರದು.

ದಾವಣಗೆರೆ ಪಕ್ಕದ ಕರೂರಿನ ಕಾರ್ಖಾನೆಯ ಕೆಲಸಕ್ಕೆ ಅವನು ಒಂದು ವಾರ ರಜೆ ಹಾಕಿದ. ಕೀರ್ತನಾಳ ಕಾಲೇಜಿನವರು ಬಂದರು. ಹರಿಹರದಿಂದ ಬಣ್ಣಬಣ್ಣದ ಹೆಲ್ಮೆಟ್ಟಿನ ಮೂವತ್ತು ಮಂದಿ ಬಂದರು. ಹಾಲು ಮಾರುವ ಕೆಂಚಣ್ಣ ಕ್ಯಾನು ಇಳಿಸದೆಯೇ ತನ್ನ ಹಳೆಯ ಸೈಕಲ್ಲಿನಲ್ಲಿ ನಾಲ್ಕು ಸುತ್ತು ಹೊಡೆದ.

"ಇನ್ನೊಂದು ರೌಂಡ್ ಹೊಡಿಸಿದ್ರೆ ಹಾಲು ಬೆಣ್ಣೆ ಆಗ್ತೈತೆ ನೋಡಪ್ಪ. ಯಾರು ತಗಂತಾರೆ?"

"ನಾನೇ ತಗಂತೀನಿ, ತುಳಿ ಕೆಂಚಣ್ಣ."

ಮೂರನೆಯ ದಿನ ಬಡಾವಣೆಯ ಸೈಟು ಮಾರುವ ದಿನೇಶ್ ಬಿಳಿ ಕಾರಿನಲ್ಲಿ ಬಂದಿಳಿದ. ಹುಣಸೆಯ ಬುಡಕ್ಕೆ ಗುಟ್ಕಾ ಉಗಿದ. ಕೆಂಪು ಎಂಜಲು ತೊಗಟೆಯ ಮೇಲೆ ಜಾರಿತು. ಡಿಕ್ಕಿಯಿಂದ ಎರಡು ಗೊನೆ ಬಾಳೆಹಣ್ಣು, ಒಂದು ಬಕೆಟ್ ಮಜ್ಜಿಗೆ ಇಳಿಸಿದ.

"ಬಿಸ್ಲು ಜೋರೈತೆ ಹನುಮೇಶಣ್ಣ. ಎಲ್ರೂ ತಗಳ್ರಿ."

"ನಿಮ್ ಹಣ್ಣು ತಿಂದು ಕಾಲು ಚಾಚಿ ಕೂರ್ತೀವಿ ಅನ್ಕಂಡ್ರೇನು?"

"ಛೇ, ಕೂರಬ್ಯಾಡ್ರಿ! ತುಳೀರಿ. ನಿಮ್ಮಂಥೋರಿಂದಾನೇ ರಸ್ತೆಗೆ ಬೆಲೆ."

ದಿನೇಶ್ ಹಲ್ಲು ಬಿಟ್ಟು ನಕ್ಕ ನಗುವಿಗೆ ಹನುಮೇಶನ ಮೈಯೆಲ್ಲ ಉರಿಯಿತು. ಮಾತಿನಲ್ಲಿ ಬೆಣ್ಣೆ, ಹಲ್ಲಿನಲ್ಲಿ ಗುಟ್ಕಾ. ಬಕೆಟ್ಟನ್ನು ಚರಂಡಿಗೆ ಬಗ್ಗಿಸಿದ. ಗೊನೆಗಳನ್ನು ಎತ್ತಿ ಕೋಳಿಪುಕ್ಕದ ರಾಶಿಯ ಮೇಲೆ ಎಸೆದ. ದಿನೇಶನಿಗೆ ಸಿಟ್ಟೇ ಬರಲಿಲ್ಲ. ಹರಿಹರದವರ ಕಡೆ ತಿರುಗಿ, "ನಾಳೆ ಇನ್ನೂ ನಾಕು ಮಂದೀನ ಕರ್ಕಂಬರ್ರಿ" ಎಂದು ಕೈ ಮುಗಿದು ಕಾರು ಹತ್ತಿದ.

"ಅವ್ನು ಯಾಕ ಹಂಗಂದ ಅಪ್ಪಾಜಿ?" ಕೀರ್ತನಾ ಕೇಳಿದಳು.

"ಅಣಕಿಸ್ತಾನೆ ಕಣಮ್ಮ. ನಮ್ ಕೈಲಿ ಆಗಲ್ಲ ಅಂತ."

ಆ ಹಟಕ್ಕೇ ಉಳಿದ ನಾಲ್ಕು ದಿನ ಅವರು ದುಪ್ಪಟ್ಟು ತುಳಿದರು. ಹನುಮೇಶನ ತೊಡೆಗಳು ಕಟ್ಟಿಗೆಯಾದವು. ಟಿಪ್ಪರಿನ ಧೂಳು ಕುಡಿದು ಉಗುಳಿದರೆ ಕೆಸರು ಬರುತ್ತಿತ್ತು. ಏಳನೆಯ ದಿನ ಸಂಜೆ ಸುಧಾ ಪೆನ್ನಿನ ಮುಚ್ಚಳ ಹಾಕಿ, ಮೊದಲ ಸಲ ಅವನನ್ನು ನೋಡಿ ನಕ್ಕಳು.

"ನಿಮ್ ಸೈಕಲ್ ಕಾಲಂ ಸಾಲ್ದೆ ಹಾಳೆ ಹಿಂಬದಿಗೆ ಹೋಗೈತ್ರಿ ಅಣ್ಣಾರೆ. ಇಂಥಾದ್ದು ನಾನು ಎಲ್ಲೂ ಕಂಡಿಲ್ಲ."

ಗೆದ್ದೆವೆಂದು ಕೆಂಚಣ್ಣ ಎಲ್ಲರಿಗೂ ಹಾಲು ಕುಡಿಸಿದ. ಅದು ಬೆಣ್ಣೆಯಾಗಿರಲಿಲ್ಲ.

ಮೂರು ತಿಂಗಳಿಗೆ ಹುಣಸೆಮರಗಳ ಮೇಲೆ ಬಿಳಿ ಬಣ್ಣದ ನಂಬರುಗಳು ಬಿದ್ದವು. ಮಾರನೆಯ ದಿನ ಗರಗಸ ಬಂತು. ಮೊದಲ ಮರ ಬಿದ್ದಾಗ ಹನುಮೇಶ ಸೈಕಲ್ ಹತ್ತಿದವನು ದಾವಣಗೆರೆಯ ಇಲಾಖೆ ಕಚೇರಿಯಲ್ಲೇ ಇಳಿದ. ಯಾರಿಗೋ ಲಂಚ ಹೋಗಿದೆ, ಹಾಳೆಯನ್ನೇ ಬದಲಿಸಿದ್ದಾರೆ. ಅವನಿಗೆ ಅನುಮಾನವೇ ಇರಲಿಲ್ಲ. ಮೇಜು ಗುದ್ದಿದ. ಕನ್ನಡಕದ ಇಂಜಿನಿಯರು ಬೈಯದೆ, ಕುರ್ಚಿ ತೋರಿಸಿ, ಫೈಲು ತೆರೆದು ಅವನ ಕಡೆಗೆ ತಿರುಗಿಸಿದರು. ಸುಧಾಳದೇ ಗೀಟುಗಳು. ಒಂದೂ ಅಳಿಸಿರಲಿಲ್ಲ.

"ಮತ್ತೆ ಇಷ್ಟೊಂದು ಸೈಕಲ್ ಓಡಿದ್ದು ನಿಮ್ ಕಣ್ಣಿಗೆ ಬೀಳ್ಲಿಲ್ಲೇನ್ರಿ ಸಾಹೇಬ್ರ?"

"ಬೀಳದೆ ಏನ್ರಿ, ಗಾಡಿ ಸಾಲ್ದು ಅಂತ ಎರಡು ಸಲ ವಾಪಸ್ ಬಂದಿದ್ದ ಫೈಲು ಪಾಸಾಗಿದ್ದೇ ಅದರಿಂದ, ನಮ್ ಲೆಕ್ಕದಾಗೆ ಎರಡು ಸೈಕಲ್ ಅಂದ್ರೆ ಒಂದು ಕಾರು."