ಲಾಡ್ಜಿನ ಹಾರ್ಮೋನು

ಬಸ್ಸು ಮಸ್ಕಿಯಲ್ಲಿ ನಿಂತರೂ ಅಂಬಮ್ಮ ಇಳಿಯಲಿಲ್ಲ. ಸೊಸೆ ಶೈಲಜಾಳ ತವರು ಅಲ್ಲೇ ಇತ್ತು. ಬಾಣಂತನ ಮುಗಿಸಿ ಲಿಂಗಸುಗೂರಿಗೆ ಬಂದವಳು, ಆಡುಗಳ ಮೇಲೆ ತಾನು ಮಾಡುತ್ತಿದ್ದ ಅದೇನೋ ಸಂಶೋಧನೆಯ ಮಾತಿಗೆ ಅತ್ತೆಯೊಡನೆ ಜಗಳವಾಗಿ, ಸಿಟ್ಟಿನಿಂದ ತವರಿಗೇ ಮರಳಿದ್ದಳು. ಬೀಗತಿ ಜಾರಿ ಬಿದ್ದು ಕೈ ಮುರಿದುಕೊಂಡ ಸುದ್ದಿ ಬಂದಾಗಲೂ ಅಂಬಮ್ಮ ಮಾತಾಡಿಸಲು ಹೋಗಿರಲಿಲ್ಲ. ಇವತ್ತಂತೂ ಅವಳಿಗೆ ಬೇರೆಯೇ ಒಂದು ಹೊಲಸು ಕೆಲಸವಿತ್ತು. ಗಂಡನನ್ನು ಕೈಯಾರೆ ಹಿಡಿಯಬೇಕಿತ್ತು.

ಸಂಗನಬಸವನಿಗೆ ಅರವತ್ತು ದಾಟಿದೆ. ಗೊಬ್ಬರದ ಅಂಗಡಿ, ಹಣೆ ತುಂಬ ವಿಭೂತಿ, ಊರಲ್ಲಿ ಮರ್ಯಾದೆ. ಅರವತ್ತಕ್ಕೆ ಅರಳುಮರಳು ಎನ್ನುತ್ತಾರೆ. ಇವನಿಗೆ ಅರಳಿದ್ದೇ ಬೇರೆ. ಮೊನ್ನೆ ಹಿತ್ತಲಲ್ಲಿ ನಿಂತು ಫೋನಿನಲ್ಲಿ ಪಿಸುಗುಟ್ಟುತ್ತಿದ್ದುದು ಅವಳ ಕಿವಿಗೆ ಬಿದ್ದಿತ್ತು.

“ಹಾರ್ಮೋನಿಂದು ನೀ ನೋಡಿಕೋ, ಉಳಿದದ್ದು ನನಗ ಬಿಡು. ಲಾಡ್ಜಿನಾಗ ಮೂರು ದಿನ ನಾ ಇರ್ತೀನಿ. ನಿಮ್ಮ... ನಮ್ಮ ಮನ್ಯಾಗಿನಾಕಿಗೆ ಮಾತ್ರ ಗೊತ್ತಾಗಬಾರ್ದು.”

ಹಾರ್ಮೋನು ಎಂದರೇನೆಂದು ಅಂಬಮ್ಮನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಸ್ ಸ್ಟ್ಯಾಂಡಿನ ಮೂತ್ರಾಲಯದ ಗೋಡೆಯ ಮೇಲೆ ಕೆಂಪು ಅಕ್ಷರದಲ್ಲೇ ಬರೆದಿದ್ದರಲ್ಲ: ಹಾರ್ಮೋನ್ ಕೊರತೆ, ದಾಂಪತ್ಯದಲ್ಲಿ ನಿರಾಸೆ, ಪ್ರತಿ ಗುರುವಾರ ವೈದ್ಯರು ಲಾಡ್ಜಿನಲ್ಲಿ ಸಿಗುತ್ತಾರೆ. ಸೆರಗಿನಿಂದ ಮೂಗು ಮುಚ್ಚಿಕೊಂಡು ದಾಟಿದರೂ ಕಣ್ಣು ಓದಿಯೇ ಓದುತ್ತದೆ. ಆ ಔಷಧಿಯ ಹೆಸರು ತನ್ನ ಹಿತ್ತಲಿಗೇ ಬಂತಲ್ಲ ಎಂದು ಅವಳು ಹಿತ್ತಲಿಗೆಲ್ಲ ಸಗಣಿ ನೀರು ಚಿಮುಕಿಸಿದ್ದಳು.

ಸಿಂಧನೂರಿನ ಹತ್ತಿರ ಬಂಗಾಳಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನಲ್ಲಿ ಭತ್ತದ ಬೀಜದ ವ್ಯವಹಾರವಿದೆ ಎಂದು ಹೇಳಿ ಗಂಡ ಹೋಗಿದ್ದ. ಮಾರನೆಯ ದಿನವೇ ಅದೇ ಕ್ಯಾಂಪಿನ ಬಂಗಾಳಿ ರೈತ ಅಂಗಡಿಗೆ ಬಂದು, ಸಾಹುಕಾರರು ಎಲ್ಲಿ ಎಂದು ಕೇಳಿದ. ಗಲ್ಲಾದ ಮೇಲೆ ಕೂತಿದ್ದ ಮಗ ವೀರೇಶ ತಲೆ ಎತ್ತಲಿಲ್ಲ. ಅಪ್ಪನ ಹೇಸಿಗೆಗೆ ಮಗನೇ ಮಣ್ಣು ಮುಚ್ಚುತ್ತಿದ್ದಾನೆ, ಥೂ! ಗದರಿಸಿದ ಮೇಲೆ ಸಿಂಧನೂರಿನ ಲಾಡ್ಜಿನ ಹೆಸರಷ್ಟೇ ಹೇಳಿದ. ಉಳಿದದ್ದನ್ನು ಹೋಗಿ ಕಣ್ಣಾರೆ ನೋಡು ಎಂದ.

ಲಾಡ್ಜಿನ ಮುಂದೆ ಫ್ಲೆಕ್ಸ್ ಕಟ್ಟಿದ್ದರು: ‘ಹಾರ್ಮೋನು ಮತ್ತು ವರ್ತನೆ. ರಾಷ್ಟ್ರೀಯ ವಿಚಾರ ಸಂಕಿರಣಕ್ಕೆ ಬಂದ ಯುವ ವಿಜ್ಞಾನಿಗಳಿಗೆ ಸ್ವಾಗತ.’ ಮೂತ್ರಾಲಯದ ಗೋಡೆಯ ಹೊಲಸು ಈಗ ಹಾರ ಹಾಕಿಸಿಕೊಂಡು ಬೀದಿಗೆ ಬಂದಿದೆ ಎಂದು ಅಂಬಮ್ಮ ಮುಖ ಕಿವುಚಿದಳು.

ಮದುವೆಯಾದಂದಿನಿಂದ ಬಾಯಿಬಿಟ್ಟು ಹೇಳದ ಗಂಡನ ಹೆಸರನ್ನು ಅವಳು ಕೌಂಟರಿನ ಮುಂದೆ ಉಗುಳಿದಂತೆ ಹೇಳಿದಳು. ಮ್ಯಾನೇಜರ್ ರಾಜೇಸಾಬ್ ಗುರುತು ಹಿಡಿದ. ಸಾಹುಕಾರರು ಮೂರನೆಯ ನಂಬರಿನಲ್ಲಿದ್ದಾರೆ, ಬಂದಾಗಿನಿಂದ ಹೊರಗೆ ಹೆಜ್ಜೆ ಇಟ್ಟಿಲ್ಲ ಎಂದ. ಜೊತೆಗೆ ಯಾರಿದ್ದಾರೆ ಎಂದು ಅವಳು ಕೇಳಿದಳು.

“ಸಭಾಕ್ಕ ಬಂದ ಮೇಡಂ ಅದಾರ್ರಿ. ಹೊಸದಾಗಿ ಸಂಶೋಧನೆ ಮಾಡೋರಿಗೆ ಕಾಲೇಜಿನವ್ರ ರೂಮು ಕೊಟ್ಟಾರ, ಸಂಗಾಟ ಒಬ್ರು ಇರಬಹುದು ಅಂತ. ಇಲ್ಲಾಂದ್ರ ಇಂಥ ಹೆಣ್ಮಕ್ಳು ಬರಾಕ ಆಗಂಗಿಲ್ರಿ.”

ವಿದ್ಯೆಯ ಹೆಸರಿನಲ್ಲಿ ಇದೊಂದು ಬಾಕಿ ಇತ್ತು! ಬೆಂಬಲವಂತೆ, ರೂಮಂತೆ, ಜೊತೆಗೊಬ್ಬರಂತೆ. ಕಾಲೇಜಿನವರಿಗೂ ಬೆಂಕಿ ಬೀಳಲಿ ಎಂದು ಅವಳು ಮನಸ್ಸಿನಲ್ಲೇ ಶಪಿಸಿದಳು. ಮೇಡಂ ಈಗ ಒಳಗಿದ್ದಾರೆಯೇ ಎಂದು ಕೇಳಿದಾಗ ರಾಜೇಸಾಬ್ ಗಮನಿಸಿಲ್ಲ ಎಂದ. ಆಮೇಲೆ ನಕ್ಕ. ಆ ನಗು ಅವಳ ಮೈಮೇಲೆ ಹಲ್ಲಿ ಬಿದ್ದಂತಾಯಿತು.

“ಸಭಾದಾಗ ಚಹಾಕ್ಕ ಬಿಟ್ರ ಸಾಕು, ಓಡಿ ಬರ್ತಾರ. ಒಂದೀಟು ಹೊತ್ತು ಬಾಗಿಲ ಹಾಕ್ಕೊಂತಾರ, ಸೀರಿ ಸರಿ ಮಾಡಿಕೊಂಡು ಮತ್ತ ಓಡ್ತಾರ. ಪಾಪ, ಇಬ್ರದೂ ಭಾಳ ಕಷ್ಟ ಐತ್ರಿ.”

ಅಂಬಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಗೋಡೆ ಹಿಡಿದು ಮೆಟ್ಟಿಲು ಹತ್ತಿದಳು. ಇಷ್ಟು ವರ್ಷದ ಸಂಸಾರ ಆ ಬಾಗಿಲಿನ ಆಚೆ ಮುಗಿಯಲಿದೆ ಎಂದು ಅವಳಿಗೆ ಖಾತ್ರಿಯಾಗಿತ್ತು. ಒಳಗಿದ್ದವಳ ಜುಟ್ಟು ಹಿಡಿದು ಬೀದಿಗೆಳೆಯದೆ ಲಿಂಗಸುಗೂರಿಗೆ ಮರಳಬಾರದೆಂದು ನಿಶ್ಚಯಿಸಿದ್ದಳು. ಬಾಗಿಲಿಗೆ ಕಿವಿ ಕೊಟ್ಟಳು. ಒಳಗೆ ಗಂಡನ ದನಿ, ತನ್ನೊಡನೆ ಒಂದು ದಿನವೂ ಆಡದಷ್ಟು ಮೆತ್ತಗೆ.

“ನೀ ನಕ್ರ ನನಗ ಮತ್ತೇನೂ ಬ್ಯಾಡ, ಬಂಗಾರ.”

ಅವಳು ಬಾಗಿಲನ್ನು ಒದ್ದೇ ತೆಗೆದಳು.

ಹಾಸಿಗೆಯ ಮೇಲೆ ಅಂಗಾತ ಮಲಗಿದ್ದ ಸಂಗನಬಸವ ಗಾಬರಿಯಾಗಲಿಲ್ಲ, ಎದೆಯ ಮೇಲೆ ಆಗಷ್ಟೇ ನಿದ್ದೆಗೆ ಜಾರುತ್ತಿದ್ದ ಮೊಮ್ಮಗಳ ಬೆನ್ನಿನಿಂದ ಕೈ ತೆಗೆಯದೆ, “ಸಾವಕಾಶ ಬಾ,” ಎಂದ, “ಶೈಲಜಾ ಸಭಾದಾಗ ತನ್ನ ಆಡಿನ ಪೇಪರ್ ಓದಾಕ ಹೋಗ್ಯಾಳ. ಮೂರು ದಿನ ಕೂಸಿನ ನೋಡಿಕೋರಿ ಅಂತ ಆಕಿ ಕಾಲು ಹಿಡಿದಾಗ ನೀ ಒಲ್ಲೆ ಅಂದಿ, ಅದಕ ನಾ ಬಂದೀನಿ.”