ಅಂಗೈಗೊಂದು ಆಸರೆ

ಮಡಿವಾಳಪ್ಪನವರ ಎಡ ಅಂಗೈಯ ಮೇಲಿನ ಇಷ್ಟಲಿಂಗ ಇಂದೂ ನಡುಗುತ್ತಿತ್ತು. ಅವರು ಹೊಸದಾಗಿ ಬಂದು ಸೇರಿದ್ದ ಧಾರವಾಡದ ವೃದ್ಧಾಶ್ರಮದ ಪೂಜಾಕೋಣೆಯ ಬಾಗಿಲಲ್ಲಿ ಮಗಳು ರಾಜೇಶ್ವರಿ ನಿಂತಿದ್ದಳು. ಪೂಜೆಯಾಗದೆ ಅಪ್ಪ ತುತ್ತು ಮುಟ್ಟುವವರಲ್ಲ. ಅವ್ವ ಇರುವತನಕ ಆ ಕೈಗೆ ಆಸರೆಯಾಗಿ ಕೂಡುತ್ತಿದ್ದಳು; ಅವಳು ಹೋದಮೇಲೆ ಮಗಳು ಕೈ ಚಾಚಿದರೂ ತಮ್ಮ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಅವರು ಇಲ್ಲಿಗೆ ಒಗ್ಗದಿದ್ದರೆ ಅಮ್ಮಿನಬಾವಿಯ ಶಾಲೆಯ ಕೆಲಸ ಬಿಟ್ಟು ಅವರನ್ನು ನೋಡಿಕೊಂಡು ಮನೆಯಲ್ಲಿ ಕೂಡುವುದೊಂದೇ ಅವಳಿಗೆ ಉಳಿದಿದ್ದ ದಾರಿ.

ಅಷ್ಟರಲ್ಲಿ ಆಶ್ರಮದಲ್ಲೇ ಇರುವ ಗುರುಸಿದ್ದಪ್ಪ ಎಂಬ ಹಿರಿಯರು ವಾಕರ್ ತಳ್ಳಿಕೊಂಡು ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. ತಮ್ಮ ಅಗಲವಾದ ಕೈಯನ್ನು ಮಡಿವಾಳಪ್ಪನವರ ಕೈಯ ಕೆಳಗೆ ಮೆಲ್ಲಗೆ ಇಟ್ಟರು.

“ಬ್ಯಾಡ್ರಿ,” ಎಂದರು ಮಡಿವಾಳಪ್ಪ.

“ಲಿಂಗಕ್ಕ ನನ್ನ ಕೈ ಹತ್ತೂದಿಲ್ಲ, ಅಂಜಬ್ಯಾಡ್ರಿ. ನಿಮ್ಮ ಕೈ ನಡಗತಾವ, ನನ್ನ ಕಾಲು ನಡಗತಾವ. ಇಬ್ಬರನ್ನೂ ಕೂಡಿಸಿದ್ರ ಒಬ್ಬ ಗಟ್ಟಿ ಆಳು ಆಗತಾನ ನೋಡ್ರಿ!”

ಮಡಿವಾಳಪ್ಪನವರಿಗೆ ನಗು ತಡೆಯಲಾಗಲಿಲ್ಲ. ಕೈ ಎಳೆದುಕೊಳ್ಳಲೂ ಇಲ್ಲ. ಲಿಂಗ ಅಲುಗದೆ ನಿಂತಿತು. ವಿಭೂತಿ ಹಚ್ಚಿ, ಪತ್ರಿ ಏರಿಸಿ, ಬಹಳ ಹೊತ್ತು ಅದನ್ನೇ ನೋಡುತ್ತ ಕೂತರು. ಗುರುಸಿದ್ದಪ್ಪನವರೂ ಕೈ ಕದಲಿಸದೆ ಕೂತೇ ಇದ್ದರು.

ಪೂಜೆ ಮುಗಿಸಿ ಅಪ್ಪ ಬಾಗಿಲ ಕಡೆ ತಿರುಗಿದರು.

“ಇನ್ನೂ ಇಲ್ಲೇ ನಿಂತೀಯೇನ ರಾಜೀ? ಸಾಲಿಗೆ ಹೊತ್ತಾತು, ಹೋಗವಾ. ಸಂಜೀಕ ಬರುವಾಗ ನನ್ನ ಉಳಿದ ಧೋತರ ಅಷ್ಟೂ ತಂದುಬಿಡು.”